ನೂಲಿನ ಕಟ್ಟಿನೊಡನೆ ಮನೆಗೆ ಬಂದ ಲಕ್ಷ್ಮಿ

ದೀಪಾವಳಿ ಅಮಾವಾಸ್ಯೆಯ ಸಂಜೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಪೇಟೆಗಳಲ್ಲಿ ಅಂಗಡಿ ಪೂಜೆ ನಡೆಯುತ್ತದೆ. ಹೊಸ ಖಾತೆ ಪುಸ್ತಕಗಳಿಗೆ ಅರಿಶಿನ-ಕುಂಕುಮ ಏರುತ್ತದೆ. ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿರುವ ಪಟಕ್ಕೆ ಚೆಂಡುಹೂವಿನ ಮಾಲೆ ಬೀಳುತ್ತದೆ. ಪಟದಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿ. ನಾಲ್ಕು ಕೈಗಳು, ಜರಿಯಂಚಿನ ಸೀರೆ, ನೀರಿನಲ್ಲಿ ನಿಂತು ಸೊಂಡಿಲೆತ್ತಿದ ಆನೆ. ಪೂಜೆ ಮುಗಿದ ಮೇಲೆ ಗಿರಾಕಿಗಳ ಕೈಗೆ ಪ್ರಸಾದದ ಪೊಟ್ಟಣದ ಜೊತೆಗೊಂದು ಕ್ಯಾಲೆಂಡರ್ ಸುತ್ತಿ ಕೊಡುವ ರೂಢಿಯೂ ಉಂಟು. ಅದರಲ್ಲಿಯೂ ಬಹುತೇಕ ಅದೇ ಲಕ್ಷ್ಮಿ. ಈ ಲಕ್ಷ್ಮಿಗೆ ಮೊದಲು ಮುಖ ಕೊಟ್ಟವರು ಯಾರೆಂದು ಕೇಳಿದರೆ ಅಂಗಡಿಯವರು ಹೇಳಲಾರರು. ಕೇಳುವವರೂ ಇಲ್ಲ.

ಸಾಮಾನು ಕೊಂಡಾಗ ಪುಕ್ಕಟೆಯಾಗಿ ಸಿಕ್ಕ ವಸ್ತುವಿನ ನೆನಪು ಪ್ರತಿ ತಲೆಮಾರಿಗೂ ಬೇರೆ. ಈಗ ಅರವತ್ತು ದಾಟಿದವರಿಗೆ ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ಕಿನ ಪುಟ್ಟ ಪ್ರಾಣಿಗಳು ನೆನಪಾಗುತ್ತವೆ. 1987ರ ವಿಶ್ವಕಪ್ ಕ್ರಿಕೆಟ್ ಕಾಲದ ಹುಡುಗರಿಗೆ ಬಿಗ್ ಫನ್ ಬಬಲ್‌ಗಮ್ಮಿನ ಚೀಟಿಗಳು. ಅಮೆರಿಕದಲ್ಲಿ ಕೆಲಾಗ್ ಕಂಪನಿ 1909ರಲ್ಲಿ ಕಾರ್ನ್‌ಫ್ಲೇಕ್ಸ್‌ನ ಎರಡು ಡಬ್ಬಿ ಕೊಂಡವರಿಗೆ ಚಿತ್ರಗಳು ಬದಲಾಗುವ ಮಕ್ಕಳ ಪುಸ್ತಕವೊಂದನ್ನು ಕೊಟ್ಟಿತು. ಉಪಾಹಾರದ ಡಬ್ಬಿಯ ಜೊತೆ ಉಡುಗೊರೆ ಕೊಡುವ ಪದ್ಧತಿಗೆ ಅಲ್ಲಿಂದಲೇ ಲೆಕ್ಕ ಹಿಡಿಯುತ್ತಾರೆ. ಆದರೆ ಮಗ್ಗದ ಊರುಗಳಲ್ಲಿ ಈ ಸುಖ ಅದಕ್ಕಿಂತ ಹಳೆಯದು. ಗಿರಣಿಯ ನೂಲಿನ ಕಟ್ಟು, ಬಟ್ಟೆಯ ತಾನುಗಳ ಮೇಲೆ ಬಣ್ಣದ ಚೀಟಿಯೊಂದು ಅಂಟಿಕೊಂಡು ಬರುತ್ತಿತ್ತು. ಕಟ್ಟು ಬಿಚ್ಚುವ ಮೊದಲು ಮನೆಯ ಹೆಣ್ಣುಮಕ್ಕಳು ಚೀಟಿಯನ್ನು ನೀರು ಸವರಿ ಜೋಪಾನವಾಗಿ ಬಿಡಿಸಿಕೊಳ್ಳುತ್ತಿದ್ದರು. ಅದು ಟ್ರಂಕಿನ ಮುಚ್ಚಳದ ಒಳಬದಿಗೋ ಜಗಲಿಯ ಗೋಡೆಗೋ ಸೇರುತ್ತಿತ್ತು.

ಅಂಥ ಚೀಟಿಗಳಿಗೂ ಕ್ಯಾಲೆಂಡರುಗಳಿಗೂ ದಾರಿ ಮಾಡಿಕೊಟ್ಟವರು ರಾಜಾ ರವಿವರ್ಮ. ಬದುಕಿನ ಬಹುಕಾಲ ಅರಮನೆಗಳಿಗಾಗಿ ಬಣ್ಣ ಕಲಸಿದ ಈ ಕಲಾವಿದನನ್ನು ಜನ ಉಳಿಸಿಕೊಂಡಿದ್ದು ಮಾತ್ರ ಕಾಗದದ ಮೇಲೆ, ಅದೂ ಹೆಚ್ಚಾಗಿ ದುಡ್ಡು ಕೊಡದೆ ಸಿಕ್ಕ ಕಾಗದದ ಮೇಲೆ.

ಕಿಳಿಮಾನೂರಿನ ಹುಡುಗ

ಹೆಸರಿನಲ್ಲಿ ರಾಜಾ ಎಂದಿದ್ದರೂ ರವಿವರ್ಮ ಯಾವ ಸಂಸ್ಥಾನಕ್ಕೂ ದೊರೆಯಲ್ಲ. 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಅವರ ಜನನ. ಆ ಮನೆತನಕ್ಕೂ ತಿರುವಾಂಕೂರಿನ ಅರಸು ಮನೆತನಕ್ಕೂ ಮದುವೆಯ ನಂಟಿತ್ತು. ತಂದೆ ನೀಲಕಂಠನ್ ಭಟ್ಟತಿರಿಪಾಡ್ ಸಂಸ್ಕೃತ ಪಂಡಿತರು. ತಾಯಿ ಉಮಾಂಬಾ ಕವಯಿತ್ರಿ. ಅವರು ಬರೆದ ಪಾರ್ವತಿ ಸ್ವಯಂವರದ ಕೃತಿಯನ್ನು ಮಗ ಮುಂದೆ ಅಚ್ಚು ಹಾಕಿಸಿದರು. ಸೋದರಮಾವ ರಾಜರಾಜವರ್ಮರಿಗೆ ತಂಜಾವೂರು ಶೈಲಿಯ ಚಿತ್ರಗಾರಿಕೆ ಗೊತ್ತಿತ್ತು. ಮನೆಯ ಗೋಡೆಗಳ ಮೇಲೆ ಇದ್ದಲಿನಿಂದ ಆನೆ, ಕುದುರೆ ಗೀಚುತ್ತಿದ್ದ ಅಳಿಯನನ್ನು ಗದರಿಸುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ಆ ಮಾವ.

ಹದಿನಾಲ್ಕನೆಯ ವಯಸ್ಸಿಗೆ, 1862ರಲ್ಲಿ, ಹುಡುಗ ತಿರುವನಂತಪುರದ ಅರಮನೆ ಸೇರಿದ. ಮಹಾರಾಜ ಆಯಿಲ್ಯಂ ತಿರುನಾಳ್ ಕಲೆಯ ಮೇಲೆ ಪ್ರೀತಿ ಇದ್ದವರು. ಅರಮನೆಯ ಗ್ರಂಥಾಲಯದಲ್ಲಿ ಯುರೋಪಿನ ಚಿತ್ರಗಳ ಪುಸ್ತಕಗಳಿದ್ದವು. ಇಲ್ಲದ್ದು ಎಣ್ಣೆ ಬಣ್ಣ ಹೇಳಿಕೊಡುವ ಗುರು. ಆಸ್ಥಾನದಲ್ಲಿದ್ದ ಮಧುರೈನ ರಾಮಸ್ವಾಮಿ ನಾಯ್ಕರ್ ಅವರಿಗೆ ಆ ವಿದ್ಯೆ ಗೊತ್ತಿತ್ತು, ಆದರೆ ಅದನ್ನು ಎಳೆಯನಿಗೆ ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೈ ಗುರುವಿಗೆ ತಿಳಿಯದಂತೆ ಅಷ್ಟಿಷ್ಟು ತೋರಿಸಿಕೊಟ್ಟರು. 1868ರಲ್ಲಿ ಮಹಾರಾಜರ ಭಾವಚಿತ್ರ ಬರೆಯಲು ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಕೂಡ ಪಾಠ ಹೇಳಲಿಲ್ಲ. ತಾನು ಕೆಲಸ ಮಾಡುವಾಗ ನಿಂತು ನೋಡಲು ಮಾತ್ರ ಬಿಟ್ಟ. ನೋಡಿ ಕಲಿತದ್ದೇ ಬಂಡವಾಳವಾಯಿತು. ಬಣ್ಣ ಯಾವ ಹದಕ್ಕೆ ಒಣಗುತ್ತದೆ, ಯಾವ ಬಣ್ಣದ ಮೇಲೆ ಯಾವುದು ನಿಲ್ಲುತ್ತದೆ ಎಂಬುದನ್ನು ಅವರು ಕೆಡಿಸಿ ಕೆಡಿಸಿ ತಿಳಿದುಕೊಂಡರು. ಅಷ್ಟರೊಳಗೆ, 1866ರಲ್ಲಿ, ಮಾವೇಲಿಕ್ಕರ ಮನೆತನದ ಭಾಗೀರಥಿ ಬಾಯಿಯವರೊಡನೆ ಮದುವೆಯೂ ಆಗಿತ್ತು.

ಈ ಬದುಕಿನಲ್ಲಿ ಕನ್ನಡ ನೆಲ ಮೊದಲು ಕಾಣಿಸಿಕೊಳ್ಳುವುದು 1870ರಲ್ಲಿ. ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವ ಮೊದಲು ರವಿವರ್ಮ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು ನಲವತ್ತೊಂದು ದಿನಗಳ ವ್ರತ ಹಿಡಿದರು. ಊರಿಗೆ ಮರಳುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಕಿಳಕ್ಕೆಪಾಟ್ಟು ಕೃಷ್ಣ ಮೆನನ್ ಅವರ ಕುಟುಂಬದ ಚಿತ್ರ ಬರೆದರು. ಹಣ ಪಡೆದು ಬರೆದ ಮೊದಲ ಚಿತ್ರ ಅದೇ. ಅರಸು ನಂಟಿನ ಮನೆತನದವನೊಬ್ಬ ಕೂಲಿ ಪಡೆದು ಚಿತ್ರ ಬರೆಯುವುದು ಆ ಕಾಲಕ್ಕೆ ಸಣ್ಣ ಹೆಜ್ಜೆಯಾಗಿರಲಿಲ್ಲ.

ಪದಕಗಳ ಕಾಲ

1873ರ ಮದರಾಸು ಪ್ರದರ್ಶನದಲ್ಲಿ ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಹೆಂಗಸಿನ ಚಿತ್ರಕ್ಕೆ ಗವರ್ನರರ ಚಿನ್ನದ ಪದಕ ಬಂತು. ಅದೇ ಚಿತ್ರ ವಿಯೆನ್ನಾಕ್ಕೂ ಹೋಗಿ ಮನ್ನಣೆ ಗಳಿಸಿತು. ಮರುವರ್ಷ ಮತ್ತೊಂದು ಪದಕ. 1876ರಲ್ಲಿ ತಾವರೆ ಎಲೆಯ ಮೇಲೆ ಪತ್ರ ಬರೆಯುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರ್ ಆಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಕೊಂಡರು. ಅಲ್ಲಿಂದ ಮುಂದೆ ದೇಶದ ಸಂಸ್ಥಾನಗಳು ಒಂದರ ಹಿಂದೊಂದು ಕರೆ ಕಳುಹಿಸಿದವು. ತಮ್ಮ ಸಿ. ರಾಜರಾಜವರ್ಮ ಎಲ್ಲೆಡೆ ಜೊತೆಗಿದ್ದರು. ಅವರೂ ಒಳ್ಳೆಯ ಚಿತ್ರಕಾರರು. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯ ಮರ, ನೀರು, ಆಕಾಶಗಳಲ್ಲಿ ಅವರ ಕೈವಾಡವಿದೆ. ಪತ್ರಗಳು, ಚಿತ್ರದ ಬೇಡಿಕೆಗಳು ಬಂದು ಬೀಳುತ್ತಿದ್ದ ಪರಿಗೆ ಕಿಳಿಮಾನೂರಿನಂಥ ಸಣ್ಣ ಊರಿಗೆ ಅಂಚೆ ಕಚೇರಿಯೇ ಬಂತು.

1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಸೋದರರು ಮೈಸೂರಿಗೆ ಬಂದರು. ಅದಕ್ಕೂ ಮೊದಲೇ ಬಡೋದೆಯ ನಂಟು ಬೆಳೆದಿತ್ತು. ತಿರುವಾಂಕೂರಿನಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್ ಆಮೇಲೆ ಬಡೋದೆಯ ದಿವಾನರಾದರು. 1881ರಲ್ಲಿ ಸಯಾಜಿರಾವ್ ಗಾಯಕವಾಡರು ಅಧಿಕಾರ ವಹಿಸಿಕೊಂಡಾಗ ರವಿವರ್ಮರನ್ನು ಅಲ್ಲಿಗೆ ಕರೆಸಿಕೊಂಡರು. ರವಿವರ್ಮರ ಬದುಕಿನ ದಿಕ್ಕನ್ನು ತಿರುಗಿಸಿದ ಸಲಹೆ ಬಂದದ್ದೂ ಮಾಧವರಾಯರಿಂದಲೇ. ಬೇಡುವವರು ಬಹಳ, ಬರೆಯುವ ಕೈ ಎರಡೇ. ಆದ್ದರಿಂದ ಆಯ್ದ ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ಬಣ್ಣದ ಅಚ್ಚು ಹಾಕಿಸಿದರೆ ಹೆಸರೂ ಬರುತ್ತದೆ, ದೇಶಕ್ಕೆ ಸೇವೆಯೂ ಆಗುತ್ತದೆ ಎಂದು 1884ರಲ್ಲಿ ಅವರು ಬರೆದು ತಿಳಿಸಿದರು.

ಸಲಹೆ ಕೂಡಲೇ ಕೈಗೂಡಲಿಲ್ಲ. 1888ರಲ್ಲಿ ಬಡೋದೆಯಿಂದ ಪುರಾಣ ಪ್ರಸಂಗಗಳ ಹದಿನಾಲ್ಕು ಚಿತ್ರಗಳಿಗೆ ಬೇಡಿಕೆ ಬಂದಾಗ ಸೋದರರು ಉತ್ತರ ಭಾರತವನ್ನು ಸುತ್ತಿ ಬಂದರು. ದಮಯಂತಿ, ಸೀತೆ, ದ್ರೌಪದಿಯರಿಗೆ ಯಾವ ಉಡುಗೆ ತೊಡಿಸಬೇಕೆಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಪ್ರಾಂತಕ್ಕೊಂದು ಉಡುಪಿನ ದೇಶದಲ್ಲಿ ಎಲ್ಲರೂ ತಮ್ಮವಳೆಂದು ಒಪ್ಪುವ ಉಡುಪು ಬೇಕಿತ್ತು. ಕೊನೆಗೆ ಆಯ್ಕೆಯಾದದ್ದು ಸೀರೆ. ನೇಕಾರರ ಊರಿನಲ್ಲಿ ನಿಂತು ನೋಡಿದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ರವಿವರ್ಮರ ಚಿತ್ರದಲ್ಲಿ ಸೀರೆ ಬರಿಯ ಬಣ್ಣವಲ್ಲ. ಅಂಚಿನ ಅಗಲ, ಸೆರಗಿನ ಜರಿ, ನೆರಿಗೆ ಬಿದ್ದ ಕಡೆ ರೇಷ್ಮೆ ಹೊಳೆಯುವ ರೀತಿ, ಎಲ್ಲವೂ ಕೈಯಲ್ಲಿ ಮುಟ್ಟಿ ನೋಡಿದವನ ಬರವಣಿಗೆ. ಮಗ್ಗದ ಮುಂದೆ ಕೂತವನಿಗೆ ಆ ದೇವಿ ಉಟ್ಟಿದ್ದು ತನ್ನದೇ ಕಸುಬಿನ ಫಲವೆನಿಸಿದ್ದರೆ ಆಶ್ಚರ್ಯವಿಲ್ಲ.

1890ರಲ್ಲಿ ಮುಗಿದ ಆ ಚಿತ್ರಗಳನ್ನು ಅರಮನೆಗೆ ಒಪ್ಪಿಸುವ ಮೊದಲು ಮತ್ತು ಅನಂತರ ಸಾರ್ವಜನಿಕರ ಮುಂದಿಟ್ಟಾಗ ಜನ ಮುಗಿಬಿದ್ದರು. ಅವುಗಳ ಛಾಯಾಚಿತ್ರದ ಪ್ರತಿಗಳು ಖರ್ಚಾದ ಬಗೆ ಸೋದರರ ಕಣ್ಣು ತೆರೆಸಿತು. 1891ರಲ್ಲಿ ಪತ್ನಿ ಭಾಗೀರಥಿ ಬಾಯಿ ತೀರಿಕೊಂಡರು. 1893ರಲ್ಲಿ ಷಿಕಾಗೋ ಮೇಳಕ್ಕೆ ಕಳುಹಿಸಿದ ಹತ್ತು ಚಿತ್ರಗಳು ಮನ್ನಣೆ ಪಡೆದವು; ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಮೇಳದ ಅಂಗವಾಗಿ ನಡೆದಿತ್ತು. ಹೊರಗೆ ಹೆಸರು ಏರುತ್ತಿದ್ದ ಹೊತ್ತಿಗೆ ಅವರ ಮನಸ್ಸು ಅಚ್ಚಿನ ಯಂತ್ರದ ಕಡೆಗಿತ್ತು.

ಕಲ್ಲಚ್ಚಿನ ಸಾಹಸ

1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ರವಿವರ್ಮ ಮುದ್ರಣಾಲಯ ಆರಂಭವಾಯಿತು. ಗೋವರ್ಧನದಾಸ ಖಟಾವು ಮಖನಜಿ ಎಂಬ ವರ್ತಕರು ಪಾಲುದಾರರು. ಯಂತ್ರ ಜರ್ಮನಿಯದು, ನುರಿತ ಕೆಲಸಗಾರರೂ ಅಲ್ಲಿಂದಲೇ ಬಂದವರು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಆಮೇಲೆ ಲಕ್ಷ್ಮಿ, ಸರಸ್ವತಿ ಮತ್ತು ಉಳಿದ ದೇವಾನುದೇವತೆಗಳು.

ಕೆಲಸ ಸಲೀಸಾದದ್ದಾಗಿರಲಿಲ್ಲ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯಬೇಕು. ಕಲ್ಲಿಗೆ ನೀರು ಸವರಿ ಶಾಯಿಯ ಉರುಳೆ ಆಡಿಸಿದರೆ ಜಿಡ್ಡಿದ್ದಲ್ಲಿ ಶಾಯಿ ಹಿಡಿಯುತ್ತದೆ, ನೀರಿದ್ದಲ್ಲಿ ಜಾರುತ್ತದೆ. ಎಣ್ಣೆ ಮತ್ತು ನೀರಿನ ಈ ಹಗೆತನವೇ ಕಲ್ಲಚ್ಚಿನ ಗುಟ್ಟು. ಒಂದು ಬಣ್ಣಕ್ಕೆ ಒಂದು ಕಲ್ಲು. ಲಕ್ಷ್ಮಿಯ ಕೆನ್ನೆಗೊಂದು, ಸೀರೆಯ ಕೆಂಪಿಗೊಂದು, ನೆರಳಿಗೆ ಇನ್ನೊಂದು ಎಂಬಂತೆ ಒಂದೇ ಹಾಳೆ ಹತ್ತಾರು ಕಲ್ಲುಗಳ ಕೆಳಗೆ ಹಾಯ್ದು ಬರಬೇಕು. ಒಂದು ಸಲ ಹಾಳೆ ಕೂದಲೆಳೆಯಷ್ಟು ಸರಿದರೂ ದೇವಿಗೆ ಎರಡು ಮೂಗು. ಕಡೆಗೆ ವಾರ್ನಿಷ್ ಸವರಿದರೆ ಎಣ್ಣೆ ಚಿತ್ರದ ಹೊಳಪು. ಬಾಗಿಲೊಳಗೆ ಹೆಜ್ಜೆಯಿಡಲೂ ಅಪ್ಪಣೆ ಇಲ್ಲದ ಅರಮನೆಯ ಚಿತ್ರ ಹೀಗೆ ಗೋಣಿಚೀಲದ ವ್ಯಾಪಾರಿಯ ಕೈಗೆ ಸಿಕ್ಕಿತು.

ಮುಂಬಯಿಯ ಮಾದರಿಗಳೂ ಅವರ ಚಿತ್ರಗಳಿಗೆ ಬಂದರು. ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವರಲ್ಲೊಬ್ಬರು. ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಮುಂದೆ ಸಂಗೀತ ಹೇಳಿಕೊಟ್ಟವರು ಇದೇ ಅಂಜನಿಬಾಯಿ.

ವ್ಯಾಪಾರ ಮಾತ್ರ ಹದಕ್ಕೆ ಬರಲಿಲ್ಲ. ಅಣ್ಣತಮ್ಮಂದಿರಿಗೆ ಬಣ್ಣದ ಲೆಕ್ಕ ಗೊತ್ತಿತ್ತು, ರೊಕ್ಕದ ಲೆಕ್ಕ ಅಷ್ಟಕ್ಕಷ್ಟೆ. ಮುದ್ರಣಾಲಯದ ಹೊಣೆ ಬಹುಮಟ್ಟಿಗೆ ತಮ್ಮನ ತಲೆಯ ಮೇಲಿತ್ತು. ಅವರಿಗೆ ಕುಂಚ ಬಿಟ್ಟು ಗುಮಾಸ್ತರ ಜಗಳ ಬಿಡಿಸುವುದರಲ್ಲಿ ಸುಖವಿರಲಿಲ್ಲ. ಪುಣೆಯ ಚಿತ್ರಶಾಳೆ ಮುದ್ರಣಾಲಯ ಮತ್ತು ಕಲ್ಕತ್ತೆಯ ಆರ್ಟ್ ಸ್ಟುಡಿಯೋ 1878ರಿಂದಲೇ ದೇವರ ಚಿತ್ರಗಳನ್ನು ಮಾರುತ್ತಿದ್ದವು. ಜರ್ಮನಿಯ ಅಗ್ಗದ ಅಚ್ಚುಗಳು ಬೇರೆ. ರವಿವರ್ಮರ ಚಿತ್ರ ಪೇಟೆಗೆ ಬಂದ ಕೆಲವೇ ದಿನಗಳಲ್ಲಿ ಅದರ ನಕಲೂ ಬರುತ್ತಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದು ಕೆಲಸಗಾರರು ಊರು ಬಿಟ್ಟರು. ಪಾಲುದಾರರೂ ದೂರವಾದರು. ಸಾಲ ಮಾಡಿ ಯಂತ್ರಗಳನ್ನು ಲೋನಾವಳದ ಬಳಿಯ ಮಳವಳಿಗೆ ಸಾಗಿಸಿದರೂ ನಷ್ಟ ಬೆನ್ನು ಬಿಡಲಿಲ್ಲ. ಶತಮಾನ ತಿರುಗಿದ ಬೆನ್ನಿಗೇ ಅವರು ಮುದ್ರಣಾಲಯವನ್ನು ತಮ್ಮಲ್ಲಿ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್ ಅವರಿಗೆ ಮಾರಿದರು. ಯಂತ್ರ, ಕಲ್ಲುಗಳೊಡನೆ ಹಲವಾರು ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಕೈಬಿಟ್ಟಿತು.

ರವಿವರ್ಮರ ಬದುಕನ್ನು ಬರೆಯುವವರು ಈ ಮಾರಾಟವನ್ನು ಒಂದು ಸೋಲೆಂದು ಎರಡು ಸಾಲಿನಲ್ಲಿ ಮುಗಿಸುವುದುಂಟು. ಕಲಾವಿದನ ಖಾತೆಯಲ್ಲಿ ಅದು ಸೋಲೇ. ಆದರೆ ಲಕ್ಷ್ಮಿ ಜನರ ಮನೆ ಹೊಕ್ಕ ಕಥೆ ನಿಜವಾಗಿ ಬಿರುಸಾಗುವುದು ಅಲ್ಲಿಂದ ಮುಂದೆ.

ಚೀಟಿ, ಕಡ್ಡಿಪೆಟ್ಟಿಗೆ, ಕ್ಯಾಲೆಂಡರ್

ಶ್ಲೈಶರ್ ಕಲಾವಿದರಲ್ಲ, ಕಸುಬುದಾರರು. ದೊಡ್ಡ ಪಟ ಕೊಳ್ಳಲಾರದವನಿಗೆ ಸಣ್ಣ ಪಟ, ಅದೂ ಆಗದವನಿಗೆ ಪೋಸ್ಟ್‌ಕಾರ್ಡ್, ಏನನ್ನೂ ಕೊಳ್ಳದವನಿಗೆ ಸರಕಿನ ಮೇಲಿನ ಚೀಟಿ. ಅದೇ ಚಿತ್ರ ಅಳತೆ ಕುಗ್ಗಿಸಿಕೊಂಡು ಎಲ್ಲೆಡೆ ಹೊಕ್ಕಿತು. ಭಾರತಕ್ಕೆ ಬೆಂಕಿಕಡ್ಡಿ ಕಳುಹಿಸುತ್ತಿದ್ದ ಸ್ವೀಡನ್, ಆಸ್ಟ್ರಿಯಾದ ಕಾರ್ಖಾನೆಗಳು ಕೂಡ ಪೆಟ್ಟಿಗೆಯ ಮೇಲೆ ರವಿವರ್ಮರ ನಾಯಕಿಯರನ್ನು ಹೋಲುವ ಚಿತ್ರಗಳನ್ನು ಅಂಟಿಸಿದವು.

ಬಟ್ಟೆಯ ಚೀಟಿಗೆ ಬೇರೆಯೇ ಕಾರಣವಿತ್ತು. ಮ್ಯಾಂಚೆಸ್ಟರಿನ ವರ್ತಕರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಉಪಾಯ ಕಂಡುಕೊಂಡಿದ್ದರು. ಇಂಗ್ಲಿಷ್ ಅಕ್ಷರ ಓದಲಾರದ ಗಿರಾಕಿ ಚಿತ್ರ ನೋಡಿ ಸರಕನ್ನು ಗುರುತಿಸುತ್ತಾನೆ; ಹೋದ ಸಲ ತಂದ ನೂಲು ಚೆನ್ನಾಗಿದ್ದರೆ ಈ ಸಲವೂ ಅದೇ ಆನೆ ಛಾಪು, ಅದೇ ಕೃಷ್ಣನ ಛಾಪು ಕೇಳುತ್ತಾನೆ. ಚೀಟಿಯ ಮೇಲೆ ದೇವರಿದ್ದರೆ ಪರದೇಶದ ಸರಕಿಗೂ ಮನೆಯ ಸರಕಿನ ಮರ್ಯಾದೆ. ಮುಂಬಯಿ, ಅಹ್ಮದಾಬಾದಿನ ಗಿರಣಿಗಳು ಅದನ್ನೇ ತಿರುಗಿಸಿ ಸ್ವದೇಶಿ ಬಟ್ಟೆಯನ್ನು ದೇವಿಯೇ ಕೈಯೆತ್ತಿ ಕೊಡುವಂತೆ ಬರೆಸಿದವು. ದೇವರಿಗೆ ಪಕ್ಷವಿರಲಿಲ್ಲ, ಎರಡೂ ಕಡೆಯ ಕಟ್ಟಿನ ಮೇಲೆ ಕೂತಿದ್ದ.

ಆಗ ಈ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿ ಸಾಂಗಲಿ ಸಂಸ್ಥಾನಕ್ಕೆ. ಬೀಳಗಿ ಮಾತ್ರ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಗಡಿ ಎಷ್ಟಿದ್ದರೂ ಪೇಟೆಯ ಮುಖ ಪುಣೆ-ಮುಂಬಯಿ ಕಡೆಗೇ. ಕೃಷ್ಣೆಯ ದಂಡೆಯ ಕುಡಚಿ ಒಂದು ಕಡೆ, ಬಾಗಲಕೋಟೆ ಇನ್ನೊಂದು ಕಡೆ, ಹತ್ತಿರದ ರೈಲು ನಿಲ್ದಾಣಗಳು. ಅಲ್ಲಿ ಇಳಿದ ಗಿರಣಿ ಸರಕು ಚಕ್ಕಡಿಗಳಲ್ಲಿ ಊರು ಸೇರುತ್ತಿತ್ತು. ಚಕ್ಕಡಿಯವನಿಗೆ ಸುಂಕದ ಕಟ್ಟೆ ಇತ್ತು, ಚೀಟಿಯ ಮೇಲಿನ ಲಕ್ಷ್ಮಿಗೆ ಇರಲಿಲ್ಲ.

ಮನೆಗೆ ಬಂದ ಚಿತ್ರ ಹಾಗೆಯೇ ಉಳಿಯುತ್ತಿರಲಿಲ್ಲ. ಅಚ್ಚಿನ ಪಟಕ್ಕೆ ಹೆಂಗಸರು ಜರಿಯ ಚೂರು, ಮಿಂಚಿನ ಟಿಕಳಿ, ಸೀರೆಯ ತುಂಡು ಅಂಟಿಸಿ ದೇವಿಗೆ ನಿಜವಾದ ಸೀರೆ ಉಡಿಸುತ್ತಿದ್ದರು. ದೇಶದ ನಾನಾ ಕಡೆ ಹೀಗೆ ಸಿಂಗರಿಸಿದ ರವಿವರ್ಮ ಪಟಗಳು ಉಳಿದಿವೆ, ಸಂಗ್ರಹಕಾರರು ಈಗ ಅವನ್ನು ಹುಡುಕಿ ಕೊಳ್ಳುತ್ತಾರೆ. ಬಟ್ಟೆ ಹೊಲಿದು ಉಳಿದ ತುಂಡು, ಸರಕಿನೊಡನೆ ಬಂದ ಕಾಗದ. ಮನೆಯ ದೇವರಿಗೆ ಮಾಡಿದ ಖರ್ಚು ಅಂಟಿನದಷ್ಟೆ.

ಆದರೆ ಈ ಪುಕ್ಕಟೆ ಕಾಗದದ ನಿಜವಾದ ತೂಕ ಬೇರೆ ಕಡೆ ಇದೆ. ಆ ಕಾಲದಲ್ಲಿ ಊರ ಗುಡಿಯ ಹೊಸ್ತಿಲು ದಾಟಲಾಗದ ಜನ ಪ್ರತಿ ಊರಿನಲ್ಲಿದ್ದರು. ಗರ್ಭಗುಡಿಯ ದೇವರ ಮುಖ ಹೇಗಿದೆಯೆಂದು ಅವರು ಕೇಳಿ ತಿಳಿಯಬೇಕಿತ್ತು. ಅಂಥವರ ಗುಡಿಸಲಿನ ಗೋಡೆಗೂ ಲಕ್ಷ್ಮಿ ಬಂದಳು. ಪೂಜಾರಿಯ ಅಪ್ಪಣೆ ಬೇಕಾಗಲಿಲ್ಲ, ದಕ್ಷಿಣೆ ಬೇಕಾಗಲಿಲ್ಲ. ಬರಿಗಾಲಿನವನೂ ಕಣ್ಣೆತ್ತಿ ನೇರವಾಗಿ ನೋಡಬಹುದಾದ ದೇವರು. ಮುಂಬಯಿ ಪ್ರಾಂತದಲ್ಲಿ ಹರಿಜನರ ದೇವಾಲಯ ಪ್ರವೇಶಕ್ಕೆ ಕಾಯ್ದೆ ಬಂದದ್ದು 1947ರಲ್ಲಿ. ತಿರುವಾಂಕೂರಿನಲ್ಲಿ ಅದಕ್ಕೂ ಮೊದಲು, 1936ರಲ್ಲಿ, ಮಹಾರಾಜ ಚಿತ್ತಿರ ತಿರುನಾಳ್ ಸರ್ಕಾರಿ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆದರು. ಆ ಮಹಾರಾಜರು ರವಿವರ್ಮರ ಮಗಳ ಮೊಮ್ಮಗ. 1900ರಲ್ಲಿ ತಿರುವಾಂಕೂರು ಅರಸು ಮನೆತನ ದತ್ತು ಪಡೆದ ರವಿವರ್ಮರ ಇಬ್ಬರು ಮೊಮ್ಮಕ್ಕಳಲ್ಲಿ ಸೇತು ಪಾರ್ವತಿ ಬಾಯಿಯವರ ಮಗ. ಮರಿಮಗ ಗುಡಿಯ ಬಾಗಿಲು ತೆರೆಯುವ ಎಷ್ಟೋ ವರ್ಷ ಮೊದಲೇ ಮುತ್ತಜ್ಜನ ಕಾಗದದ ದೇವತೆಗಳು ಹೊರಗೆ ಬಂದುಬಿಟ್ಟಿದ್ದವು.

ರವಿವರ್ಮರು ಇದನ್ನು ಉದ್ದೇಶಿಸಿ ಮಾಡಿದರೆಂದು ಹೇಳಲಾಗದು. ಅವರು ಸಮಾಜ ಸುಧಾರಕರಾಗಿರಲಿಲ್ಲ. ಅವರ ದೇವತೆಗಳ ಬಿಳುಪು ಮೈಬಣ್ಣ, ಮೇಲುಜಾತಿಯ ಮನೆಯ ಹೆಣ್ಣಿನ ಗತ್ತು ಇವುಗಳ ಮೇಲೆ ಮುಂದಿನವರು ಎತ್ತಿದ ಆಕ್ಷೇಪ ಸುಳ್ಳಲ್ಲ. ಕಪ್ಪು ಮೈಯ ಊರುಗಳಲ್ಲಿ ದೇವರೆಂದರೆ ಬೆಳ್ಳಗಿರಬೇಕೆಂಬ ಭ್ರಮೆಗೆ ಆ ಚೀಟಿಗಳೂ ಪಾಲುದಾರರೇ. ಬಂಗಾಳದ ಹೊಸ ಪಂಥದವರು ಅವರ ಕಲೆಯನ್ನು ಪರದೇಶಿ ಅನುಕರಣೆಯೆಂದು ತಳ್ಳಿಹಾಕಿದ್ದು ಇನ್ನೊಂದು ಕಥೆ.

ಕೊನೆಯ ವರ್ಷಗಳು

ಮುದ್ರಣಾಲಯ ಕೈಬಿಟ್ಟ ಮೇಲೂ ಕುಂಚ ನಿಲ್ಲಲಿಲ್ಲ. 1904ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಚಿನ್ನದ ಪದಕ ನೀಡಿತು. ಅದೇ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಅರಮನೆಗಾಗಿ ಪುರಾಣ ಪ್ರಸಂಗಗಳ ಒಂಬತ್ತು ಚಿತ್ರಗಳನ್ನು ಬೇಡಿದರು. ಸೋದರರು ಕೂಡಿ ಹಿಡಿದ ಕೊನೆಯ ದೊಡ್ಡ ಕೆಲಸ ಅದು. 1905ರ ಆರಂಭದಲ್ಲಿ ರಾಜರಾಜವರ್ಮ ತೀರಿಕೊಂಡರು. ಬದುಕಿಡೀ ದಿನಚರಿ ಬರೆದು, ಲೆಕ್ಕ ನೋಡಿ, ಹಿನ್ನೆಲೆ ತುಂಬಿದ ತಮ್ಮ ಇಲ್ಲವಾದ ಮೇಲೆ ಅಣ್ಣ ಕುಗ್ಗಿಹೋದರು. ಮೈಸೂರಿನ ಚಿತ್ರಗಳನ್ನು ಒಬ್ಬರೇ ಮುಗಿಸಿಕೊಟ್ಟರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೆಸರು ತಂದ ಸಂಗ್ರಹದಲ್ಲಿ ರವಿವರ್ಮರ ಚಿತ್ರಗಳದೇ ಮುಂದಿನ ಸಾಲು. ಸಕ್ಕರೆ ಕಾಯಿಲೆ ಮೊದಲೇ ಹಿಡಿದಿತ್ತು. 1906ರ ಅಕ್ಟೋಬರ್ 2ರಂದು, 58ನೆಯ ವಯಸ್ಸಿನಲ್ಲಿ, ಕಿಳಿಮಾನೂರಿನಲ್ಲಿಯೇ ಅವರು ಕಣ್ಣು ಮುಚ್ಚಿದರು.

ಮಳವಳಿಯ ಯಂತ್ರಗಳು ತಿರುಗುತ್ತಲೇ ಇದ್ದವು. ಅಲ್ಲಿ ಕೆಲಸ ಮಾಡಿ ಅಚ್ಚಿನ ಕಲೆ ಪಳಗಿಸಿಕೊಂಡವರಲ್ಲಿ ದಾದಾಸಾಹೇಬ ಫಾಲ್ಕೆ ಒಬ್ಬರು. 1913ರಲ್ಲಿ ಅವರು ತೆರೆಗೆ ತಂದ ರಾಜಾ ಹರಿಶ್ಚಂದ್ರ ಚಿತ್ರದ ಉಡುಗೆ-ನಿಲುವುಗಳಲ್ಲಿ ರವಿವರ್ಮರ ನೆರಳು ಕಾಣುತ್ತದೆ. ಕಂಪನಿಗಳೂ ಸುಮ್ಮನಿರಲಿಲ್ಲ. 1928ರ ಗ್ರೈಪ್ ವಾಟರ್ ಕ್ಯಾಲೆಂಡರಿಗೆ ಎಂ.ವಿ. ಧುರಂಧರ್ ಬಾಲಕೃಷ್ಣನನ್ನು ಬರೆದುಕೊಟ್ಟರು. 1934ರ ಸನ್‌ಲೈಟ್ ಸಾಬೂನಿನ ಕ್ಯಾಲೆಂಡರಿನಲ್ಲಿ ವಿಷ್ಣುವೇ ಆಕಾಶದಿಂದ ಬೆಳಕು ತಂದ. ಪತ್ರಿಕೆ ಓದದ ಮನೆಯಲ್ಲಿಯೂ ಕ್ಯಾಲೆಂಡರ್ ವರ್ಷವಿಡೀ ಗೋಡೆಯ ಮೇಲಿರುತ್ತದೆಂಬ ಲೆಕ್ಕ ಕಂಪನಿಗಳಿಗೆ ಸರಿಯಾಗಿ ಗೊತ್ತಿತ್ತು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್.ಎಂ. ಪಂಡಿತರು ಈ ಕ್ಯಾಲೆಂಡರ್ ಪರಂಪರೆಯನ್ನು ಕನ್ನಡಿಗರ ಕೈಯಿಂದ ಮುಂದುವರಿಸಿದರು. 1993ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಶಿವಕಾಶಿಯ ಆಫ್‌ಸೆಟ್ ಯಂತ್ರಗಳು ಪೇಟೆಯನ್ನು ಆಕ್ರಮಿಸಿದ್ದವು.

1972ರಲ್ಲಿ ಮಳವಳಿಯ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಲ್ಲುಗಳು, ಹಳೆಯ ಅಚ್ಚುಗಳು ಬಹುಪಾಲು ನಾಶವಾದವು. 1979ರಲ್ಲಿ ಕೇಂದ್ರ ಸರ್ಕಾರ ರವಿವರ್ಮರ ಮೂಲ ಚಿತ್ರಗಳನ್ನು ರಾಷ್ಟ್ರೀಯ ಕಲಾ ನಿಧಿಯೆಂದು ಸಾರಿ, ದೇಶದ ಹೊರಗೆ ಒಯ್ಯದಂತೆ ತಡೆ ಹಾಕಿತು. ಚೀಟಿಗಳಿಗೆ ಅಂಥ ಕಾವಲು ಯಾರೂ ಹಾಕಲಿಲ್ಲ. ಅವು ಟ್ರಂಕಿನ ಮುಚ್ಚಳದೊಡನೆ ಗುಜರಿಗೆ ಹೋದವು, 1990ರ ದಶಕದ ಬಳಿಕ ಮನೆ ಕೆಡವಿ ಕಟ್ಟಿದಾಗ ಮಣ್ಣಿನ ಗೋಡೆಯೊಡನೆ ಬಿದ್ದವು.

ದೇವರ ಚಿತ್ರವನ್ನು ಕಸಕ್ಕೆ ಹಾಕುವಂತಿಲ್ಲ. ಹಾಗಾಗಿ ಈ ಸೀಮೆಯ ಊರುಗಳಲ್ಲಿ ಹಳೆಯ ಪಟಗಳನ್ನು ಅರಳಿಕಟ್ಟೆಯ ಮೇಲೋ ಬನ್ನಿಗಿಡದ ಬುಡದಲ್ಲೋ ಇಟ್ಟು ಬರುತ್ತಾರೆ. ಗಾಜು ಒಡೆದು, ಮಳೆಗೆ ಬಣ್ಣ ಇಳಿದು ಅಲ್ಲಿ ಕೂತಿರುವ ಲಕ್ಷ್ಮಿಯರನ್ನು ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಟ್ಟು ಹಾಕಿಸುವ ಮೊದಲು ಯಾರೋ ಕತ್ತರಿ ಹಿಡಿದು ಕೆಳಗಿನ ತಾರೀಖುಗಳನ್ನೂ ಅಂಗಡಿಯ ಹೆಸರನ್ನೂ ನೀಟಾಗಿ ಕತ್ತರಿಸಿ ತೆಗೆದಿರುತ್ತಾರೆ.